ಕ್ರಿಮಿನಲ್ ಡಿಫೆನ್ಸ್ ವಕೀಲ ಆಗ್ತೀನಿ ಅಂದ್ರೆ ಮನೆಯವರು "ಅದು ಕಳ್ಳರನ್ನ ಬಿಡಿಸೋ ಕೆಲಸ" ಅಂತಾರೆ. ಈ ದಾರಿಯಲ್ಲಿ ನೋಡಿ ಕಲಿಯುವಂಥವರು ಯಾರಿದ್ದಾರೆ?

ನಿಮ್ಮ ಮನೆಯವರು ಹೇಳಿದ ಮಾತನ್ನೇ ನನಗೂ ಹೇಳಿದ್ದರು, ತುಂಬಾ ನೋವಾಗಿತ್ತು. ಈಗ ಹನ್ನೊಂದು ವರ್ಷದಿಂದ ಧಾರವಾಡದ ಕಡೆ ಆರೋಪಿಗಳ ಪರವಾಗಿ ವಕಾಲತ್ತು ಹಾಕುತ್ತಿದ್ದೇನೆ. ಅದರಲ್ಲಿ ಅರ್ಧದಷ್ಟು ಕಾನೂನು ನೆರವಿನ ಕೇಸುಗಳು.

ನಾನು ಹೇಳುವ ಹೆಸರು ಬ್ರಯಾನ್ ಸ್ಟೀವನ್ಸನ್. ಅಮೆರಿಕದ ಕಪ್ಪು ವಕೀಲರು. ಹಾರ್ವರ್ಡ್‌ನಲ್ಲಿ ಕಾನೂನು ಓದಿದವರು, ದೊಡ್ಡ ಫೀಸಿನ ಕೆಲಸ ಎಲ್ಲಿ ಬೇಕಾದರೂ ಸಿಗುತ್ತಿತ್ತು. ಆದರೆ 1989ರಲ್ಲಿ ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ ಈಕ್ವಲ್ ಜಸ್ಟಿಸ್ ಇನಿಶಿಯೇಟಿವ್ ಅನ್ನುವ ಕಾನೂನು ನೆರವಿನ ಸಂಸ್ಥೆ ಶುರು ಮಾಡಿ, ಮರಣದಂಡನೆ ಆದ ಬಡವರ ಕೇಸು ಹಿಡಿದರು. ಯಾಕೆ ಅಲ್ಲೇ ಅಂದರೆ, ಮೊದಲ ಅಪೀಲು ಮುಗಿದ ಮೇಲೆ ಆ ರಾಜ್ಯದಲ್ಲಿ ಇಂಥ ಕೈದಿಗೆ ಸರ್ಕಾರದ ಖರ್ಚಿನಲ್ಲಿ ವಕೀಲ ಸಿಕ್ಕೇ ಸಿಗುತ್ತಾರೆ ಅನ್ನುವ ಖಾತ್ರಿ ಆಗ ಇರಲಿಲ್ಲ.

ಅವರ ಒಂದು ಕೇಸನ್ನಂತೂ ನೀವು ಓದಲೇಬೇಕು. ಆಂಟನಿ ರೇ ಹಿಂಟನ್. 1985ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ ದರೋಡೆ ವೇಳೆ ಇಬ್ಬರು ಹೋಟೆಲ್ ಮ್ಯಾನೇಜರ್‌ಗಳ ಕೊಲೆಯಾಗಿತ್ತು. ಮೂರನೇ ಕಡೆ ಗುಂಡೇಟು ತಿಂದವರು ಬದುಕುಳಿದು, ಫೋಟೋ ನೋಡಿ ಹಿಂಟನ್‌ರನ್ನು ಗುರುತಿಸಿದರು. ಆದರೆ ಆ ಮೂರನೇ ದರೋಡೆ ನಡೆದ ಹೊತ್ತಲ್ಲಿ ಹಿಂಟನ್ 24 ಕಿಲೋಮೀಟರ್ ದೂರದ ಗೋದಾಮಿನಲ್ಲಿ, ಬೀಗ ಹಾಕಿದ ಕಾಂಪೌಂಡಿನ ಒಳಗೆ, ಹಾಜರಿ ಹಾಕಿ ಕೆಲಸ ಮಾಡುತ್ತಿದ್ದರು! ಕೊಲೆಗಳಿಗೆ ಅವರನ್ನು ಕಟ್ಟಿಹಾಕಿದ್ದು ಒಂದೇ ಸಾಕ್ಷ್ಯ: ಗುಂಡುಗಳು ಅವರ ತಾಯಿಯ ರಿವಾಲ್ವರಿನವು ಅಂತ ಸರ್ಕಾರಿ ತಜ್ಞರು ಹೇಳಿದ್ದು.

ಅದನ್ನು ಸುಳ್ಳು ಮಾಡೋಕೆ ಒಳ್ಳೆ ತಜ್ಞ ಬೇಕಿತ್ತು. ಕೋರ್ಟು ನೇಮಿಸಿದ ಡಿಫೆನ್ಸ್ ವಕೀಲರು ಅದಕ್ಕೆ 1,000 ಡಾಲರ್‌ಗಿಂತ ಜಾಸ್ತಿ ಸಿಗಲ್ಲ ಅಂದುಕೊಂಡರು. ಆ ಮಿತಿಯನ್ನು ಕಾನೂನಿನಿಂದ ತೆಗೆದು ವರ್ಷವೇ ಕಳೆದಿತ್ತು, ಅವರು ನೋಡಿರಲಿಲ್ಲ. ಕೊನೆಗೆ ಸಿಕ್ಕವರು ಒಬ್ಬ ಸಿವಿಲ್ ಎಂಜಿನಿಯರ್. ಅವರಿಗೆ ಇದ್ದದ್ದು ಒಂದೇ ಕಣ್ಣು. ಮೈಕ್ರೋಸ್ಕೋಪ್ ಬಳಸೋಕೆ ಕಷ್ಟವಾಯಿತು ಅಂತ ಪಾಟೀಸವಾಲಿನಲ್ಲಿ ಅವರೇ ಒಪ್ಪಿಕೊಂಡರು. ಹಿಂಟನ್‌ಗೆ ಮರಣದಂಡನೆ ಆಯಿತು.

ಸ್ಟೀವನ್ಸನ್ ಒಳ್ಳೆಯ ತಜ್ಞರು ಮೂವರನ್ನು ಹುಡುಕಿ ತಂದರು. ಗುಂಡುಗಳಿಗೂ ಆ ರಿವಾಲ್ವರಿಗೂ ತಾಳೆ ಹಾಕೋಕೆ ಆಗಲ್ಲ ಅಂತ ಅವರು 2002ರಲ್ಲಿ ಸಾಕ್ಷಿ ಹೇಳಿದರು. ಆದರೂ ಸರ್ಕಾರ ಬಗ್ಗಲಿಲ್ಲ. 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದಿಂದ ಹಿಂಟನ್ ಪರ ನಿಂತಿತು, 2015ರ ಏಪ್ರಿಲ್‌ನಲ್ಲಿ ಅವರು ಹೊರಗೆ ಬಂದರು. ಸುಮಾರು ಮೂವತ್ತು ವರ್ಷ ರೀ. ಒಬ್ಬ ವಕೀಲ ಕಾನೂನಿನ ಒಂದು ಸಾಲು ಓದದೇ ಹೋದರೆ ಇಷ್ಟಾಗುತ್ತೆ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಕ್ಕೂ ಮುಂಚೆ ವಾಲ್ಟರ್ ಮೆಕ್‌ಮಿಲಿಯನ್ ಕೇಸು. ಕಪ್ಪು ಮನುಷ್ಯ, ಬಿಳಿಯ ಯುವತಿಯ ಕೊಲೆ ಆರೋಪ. ಕೊಲೆಯಾದ ಹೊತ್ತಲ್ಲಿ ಅವರು ಮನೆಯಲ್ಲಿ ಜನ ಸೇರಿ ಮೀನು ಹುರಿಯುತ್ತಿದ್ದ ಕಡೆ ಇದ್ದರು ಅಂತ ಕಪ್ಪು ಜನ ಒಬ್ಬರಾದ ಮೇಲೆ ಒಬ್ಬರು ಸಾಕ್ಷಿ ಹೇಳಿದರೂ ಯಾರೂ ನಂಬಲಿಲ್ಲ. ಜ್ಯೂರಿ, ಅಂದರೆ ಕೇಸು ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ತಂಡ, ಜೀವಾವಧಿ ಸಾಕು ಅಂದರೂ ಜಡ್ಜ್ ಅದನ್ನು ಬದಿಗಿಟ್ಟು ಮರಣದಂಡನೆ ಕೊಟ್ಟರು. ಮುಖ್ಯ ಸಾಕ್ಷಿಯ ಹೇಳಿಕೆ ಇದ್ದ ಕ್ಯಾಸೆಟ್ ಕೇಳಿದ ಸ್ಟೀವನ್ಸನ್ ಅದನ್ನು ತಿರುಗಿಸಿ ಇನ್ನೊಂದು ಬದಿಯನ್ನೂ ಹಾಕಿದರು. ಆ ಬದಿಯಲ್ಲಿ ಅದೇ ಸಾಕ್ಷಿ, ಅಮಾಯಕನ ಮೇಲೆ ಸುಳ್ಳು ಹೇಳಿಸುತ್ತಿದ್ದೀರಿ ಅಂತ ಪೊಲೀಸರ ಹತ್ತಿರ ಜಗಳ ತೆಗೆದಿದ್ದ. 1993ರಲ್ಲಿ ಮೆಕ್‌ಮಿಲಿಯನ್ ಬಿಡುಗಡೆಯಾದರು.

ಆಮೇಲೆ ಸ್ಟೀವನ್ಸನ್ ಕೋರ್ಟಿನ ಆಚೆಗೂ ಹೋದರು. ಬಿಳಿಯರ ಗುಂಪುಗಳ ಕೈಯಲ್ಲಿ ಕೊಲೆಯಾದ ಸಾವಿರಾರು ಕಪ್ಪು ಜನರ ಸ್ಮಾರಕವನ್ನು ಅವರ ಸಂಸ್ಥೆ 2018ರಲ್ಲಿ ಮಾಂಟ್‌ಗೊಮರಿಯಲ್ಲಿ ತೆರೆಯಿತು. ಇಂಥ ಕೊಲೆ ನಡೆದ ಒಂದೊಂದು ಕೌಂಟಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಒಂದೊಂದು ಉಕ್ಕಿನ ಕಂಬ, ಅದರ ಮೇಲೆ ಸತ್ತವರ ಹೆಸರು. ಕಪ್ಪು ಮನುಷ್ಯನ ಮಾತನ್ನು ಕೋರ್ಟು ಯಾಕೆ ನಂಬಲಿಲ್ಲ ಅನ್ನೋದಕ್ಕೆ ಆ ಹೆಸರುಗಳಲ್ಲೇ ಉತ್ತರ ಇದೆ ಅಂತ ನನಗನಿಸುತ್ತೆ. ನಮ್ಮಲ್ಲೂ ಯಾರ ಮಾತಿಗೆ ಬೆಲೆ ಅಂತ ಜಾತಿ ನೋಡುವವರು ಕಮ್ಮಿ ಇಲ್ಲ, ಅಲ್ವಾ?

ಹಿಂಟನ್ ಕೇಸು ಓದಿದ ಮೇಲೆ ನಾನು ಒಂದು ರೂಢಿ ಮಾಡಿಕೊಂಡಿದ್ದೇನೆ. ಜೈಲಿನಲ್ಲಿ ಮೊದಲ ಭೇಟಿಯಲ್ಲೇ "ಆ ಹೊತ್ತಲ್ಲಿ ಎಲ್ಲಿದ್ದೆಪ್ಪಾ, ಎಲ್ಲಾದರೂ ಸಹಿ ಹಾಕಿದ್ದೀಯಾ?" ಅಂತ ಕೇಳುತ್ತೇನೆ. ಎರಡು ವರ್ಷದ ಹಿಂದೆ ಕಳವಿನ ಕೇಸಿನ ಒಬ್ಬ ಹುಡುಗ ಇಟ್ಟಿಗೆ ಭಟ್ಟಿಯ ಹೆಸರು ಹೇಳಿದ. ಅವತ್ತೇ ಸಂಜೆ ಹೋಗಿ ನೋಡಿದೆ. ಎಣ್ಣೆ ಕಲೆ ಆದ ಹಾಜರಿ ಪುಸ್ತಕದಲ್ಲಿ, ಆ ರಾತ್ರಿಯ ಪಾಳಿಯ ಸಾಲಿನಲ್ಲಿ, ಅವನ ಹೆಬ್ಬೆಟ್ಟು ಇತ್ತು.