ಟಾರ್ಚ್ ಕೊಳ್ಳುವಾಗ ವ್ಯಾಟ್ ನೋಡಬೇಕೇ, ಲ್ಯೂಮೆನ್ ನೋಡಬೇಕೇ?

ಲ್ಯೂಮೆನ್ ನೋಡಿ. ವ್ಯಾಟ್ ಎಂದರೆ ಟಾರ್ಚ್ ಬ್ಯಾಟರಿಯಿಂದ ಎಳೆದುಕೊಳ್ಳುವ ವಿದ್ಯುತ್ತು. ಲ್ಯೂಮೆನ್ ಎಂದರೆ ಹೊರಗೆ ಬರುವ ಒಟ್ಟು ಬೆಳಕು. ಒಳ್ಳೆಯ ಎಲ್‌ಇಡಿ ಒಂದು ವ್ಯಾಟ್‌ಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ. ಉಳಿದ ಶಕ್ತಿಯೆಲ್ಲ ಶಾಖವಾಗುತ್ತದೆ. ಆ ಶಾಖ ಹೊರಹೋಗಲು ದಾರಿಯಿಲ್ಲದಿದ್ದರೆ ಬೆಳಕು ಕುಗ್ಗುತ್ತದೆ, ಎಲ್‌ಇಡಿಯ ಆಯಸ್ಸೂ ತಗ್ಗುತ್ತದೆ. ಅದಕ್ಕೇ ಹೆಚ್ಚು ಬೆಳಕಿನ ಟಾರ್ಚ್‌ಗೆ ಲೋಹದ ಮೈ ಬೇಕು.

ಅಂಗೈಯಗಲದ ಪ್ಲಾಸ್ಟಿಕ್ ಟಾರ್ಚ್ ಮೇಲೆ ‘50 ವ್ಯಾಟ್’ ಎಂದು ಅಚ್ಚಾಗಿದ್ದರೆ ದಯವಿಟ್ಟು ನಂಬಬೇಡಿ. ಅದರೊಳಗೆ ಸಾಮಾನ್ಯವಾಗಿ ಇರುವುದು 18650 ಎಂಬ ಒಂದೇ ಲಿಥಿಯಂ ಸೆಲ್: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, 3.7 ವೋಲ್ಟ್. ಉತ್ತಮ ದರ್ಜೆಯದರಲ್ಲೂ ಸುಮಾರು 3500 ಮಿಲಿಆಂಪಿಯರ್-ಗಂಟೆ, ಅಂದರೆ 13 ವ್ಯಾಟ್-ಗಂಟೆಯಷ್ಟು ಶಕ್ತಿ. ನಿಜವಾಗಿಯೂ 50 ವ್ಯಾಟ್ ಎಳೆದರೆ ಕಾಲು ಗಂಟೆಗೆ ಸೆಲ್ ಬರಿದು! ಸೆಲ್ ಮೇಲೆಯೇ ‘9900’ ಮಿಲಿಆಂಪಿಯರ್-ಗಂಟೆ ಎಂದು ಬರೆದಿದ್ದರೆ ಅದೂ ಸುಳ್ಳು.

ಇನ್ನು ಎಲ್‌ಇಡಿಯ ಬಗೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಟಾರ್ಚ್ ಹೊತ್ತಿಸುವ ಮೊದಲು ಗಾಜಿನೊಳಗೆ ಇಣುಕಿ ನೋಡಿ. ಆಳವಾದ ಬಟ್ಟಲಿನ ನಡುವೆ ಒಂದೇ ಪುಟ್ಟ ಹಳದಿ ಚೌಕವಿದ್ದರೆ ಬೆಳಕು ದೂರಕ್ಕೆ ಹೋಗುತ್ತದೆ. ಉದ್ದನೆಯ ಹಳದಿ ಪಟ್ಟಿ ಇದ್ದರೆ ಅದು ಸಿಒಬಿ (ಚಿಪ್ ಆನ್ ಬೋರ್ಡ್). ಹಲವು ಚಿಪ್‌ಗಳನ್ನು ಒತ್ತೊತ್ತಾಗಿ ಕೂರಿಸಿದ್ದು, ಬೆಳಕು ಹತ್ತಿರದಲ್ಲೇ ಅಗಲವಾಗಿ ಹರಡುತ್ತದೆ. ಮೀಟರ್ ಬೋರ್ಡ್ ಮುಂದೆ ನಿಂತು ಫ್ಯೂಸ್ ಹಾಕಲು ನನಗೆ ಇದೇ ಇಷ್ಟ. ಗಾಜಿನ ಮಣಿಗಳಂತೆ ಎಲ್‌ಇಡಿಗಳು ಗುಂಪಾಗಿದ್ದರೆ ಅದು ಹಳೆಯ ಬಗೆ, ಒಂಬತ್ತು ಸೇರಿದರೂ ಅರ್ಧ ವ್ಯಾಟ್ ಆಸುಪಾಸು.

ಕರೆಂಟ್ ಹೋದಾಗ ಮನೆಯೊಳಗಿನ ಬಳಕೆಗೆ 100ರಿಂದ 200 ಲ್ಯೂಮೆನ್ ಧಾರಾಳ.