ಗರ್ಭಿಣಿಯರಿಗೆ ಬರುವ ಬ್ಯಾಕ್ಟೀರಿಯಾ ನಮ್ಮ ತಂದೆಯ ರಕ್ತದಲ್ಲಿ ಹೇಗೆ ಬಂತು?

ನಿಮ್ಮ ತಂದೆಗೆ 68 ವರ್ಷ, ತುಂಬಾ ಹಿಂದಿನಿಂದ ಶುಗರ್ ಇದೆ. ಕಾಲು ಕೆಂಪಗಾಗಿ ಊದಿ, ಚಳಿಜ್ವರ ಬಂದು ಅಡ್ಮಿಟ್ ಮಾಡಿದ್ದೀರಿ. ಬ್ಲಡ್ ಕಲ್ಚರ್‌ನಲ್ಲಿ (ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಪತ್ತೆ ಮಾಡುವ ಪರೀಕ್ಷೆ) ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಅಂತ ಬಂದಿದೆ. ನೆಟ್‌ನಲ್ಲಿ ಹುಡುಕಿದರೆ ಬರೀ ಗರ್ಭಿಣಿಯರು, ಹಸುಗೂಸುಗಳ ವಿಷಯ. ರಿಪೋರ್ಟ್ ಅದಲುಬದಲಾಗಿದೆಯಾ ಅಂತ ಕೇಳಿದ್ದೀರಿ.

ನಾನು ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ನೀವು ಹೇಳಿದ್ದನ್ನೆಲ್ಲ ನೋಡಿದರೆ ರಿಪೋರ್ಟ್ ಸರಿಯಾಗಿಯೇ ಇರುವಂತಿದೆ. ವಯಸ್ಸಾದವರು, ಶುಗರ್, ಕಾಲಿನ ಸೆಲ್ಯುಲೈಟಿಸ್ (ಚರ್ಮ ಮತ್ತು ಅದರ ಅಡಿಯ ಸೋಂಕು) ಅಂದರೆ ಈ ಬ್ಯಾಕ್ಟೀರಿಯಾ ನಮಗೇನೂ ಅಪರೂಪವಲ್ಲ. ಅದನ್ನು ಪತ್ತೆ ಮಾಡುವುದೂ ಕಣ್ಣಂದಾಜಿನ ಕೆಲಸವಲ್ಲ. ಬ್ಯಾಕ್ಟೀರಿಯಾ ಬೆಳೆಸಲು ಕುರಿಯ ರಕ್ತ ಬೆರೆಸಿದ ಕೆಂಪು ಪ್ಲೇಟಿನ ಮೇಲೆ ಸ್ಟ್ಯಾಫಿಲೊಕಾಕಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾದ ಒಂದು ಗೆರೆ ಎಳೆಯುತ್ತೇವೆ. ಅದಕ್ಕೆ ತಾಗದಂತೆ, ಅಡ್ಡಕ್ಕೆ, ಅನುಮಾನ ಇರುವ ಬ್ಯಾಕ್ಟೀರಿಯಾದ ಗೆರೆ. ಮರುದಿನ ಎರಡು ಗೆರೆಗಳ ಸಂದಿಯಲ್ಲಿ ರಕ್ತ ಕರಗಿ ಬಾಣದ ತುದಿಯಂಥ ಆಕಾರ ಮೂಡಿದ್ದರೆ ಗ್ರೂಪ್ ಬಿ ಅನ್ನುವುದಕ್ಕೆ ಬಲವಾದ ಸುಳಿವು. ಈಗ ಮೆಷಿನ್‌ಗಳೂ ಇವೆ. ಇಷ್ಟಾದರೂ ಸಂಶಯ ಉಳಿದರೆ ನಿಮ್ಮ ಲ್ಯಾಬ್‌ನವರನ್ನು ಧಾರಾಳವಾಗಿ ಕೇಳಿ.

ಎಲ್ಲಿಂದ ಬಂತು? ಹೆಚ್ಚಾಗಿ ಅವರ ಮೈಯಿಂದಲೇ. ಆರೋಗ್ಯವಾಗಿರುವ ದೊಡ್ಡವರಲ್ಲೂ ನೂರಕ್ಕೆ 10ರಿಂದ 30 ಮಂದಿಯ ಕರುಳಿನಲ್ಲಿ, ಜನನಾಂಗದ ಭಾಗದಲ್ಲಿ ಇದು ಸುಮ್ನೆ ಇರುತ್ತದೆ. ಗಂಡಸು ಹೆಂಗಸು ಅನ್ನುವ ಭೇದವಿಲ್ಲ. ಶುಗರ್, ಬೊಜ್ಜು, ಲಿವರ್ ಅಥವಾ ಕಿಡ್ನಿ ತೊಂದರೆ, ಕ್ಯಾನ್ಸರ್ ಇದ್ದರೆ, ವಯಸ್ಸಾಗಿದ್ದರೆ, ಅದಕ್ಕೆ ಒಳಗೆ ನುಗ್ಗುವುದು ಸುಲಭ. ಅಮೆರಿಕದಲ್ಲಿ ಗರ್ಭಿಣಿಯರಲ್ಲದ ವಯಸ್ಕರಲ್ಲಿ ಇದರ ತೀವ್ರ ಸೋಂಕು 2008ರಲ್ಲಿ ಲಕ್ಷಕ್ಕೆ 8.1 ಇದ್ದದ್ದು 2016ಕ್ಕೆ 10.9 ಆಗಿತ್ತು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಶುಗರ್ ಇತ್ತು. ಶುಗರ್ ಜಾಸ್ತಿಯಾಗುತ್ತಿರುವ ನಮ್ಮ ಊರುಗಳಲ್ಲಿ ಇದನ್ನು ಇನ್ನೂ ಹೆರಿಗೆ ವಾರ್ಡಿನ ಕಾಯಿಲೆ ಅಂತಲೇ ನೋಡುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಊಟದಿಂದ ಬಂತಾ ಅಂತಲೂ ಕೇಳಿದ್ದೀರಿ. 2015ರಲ್ಲಿ ಸಿಂಗಪುರದಲ್ಲಿ ಹಾಗೆ ಆಗಿತ್ತು. ಸಿಹಿನೀರಿನ ಮೀನನ್ನು ಹಸಿಯಾಗಿ ತಿಂದ, ಬೇರೆ ಕಾಯಿಲೆಯೇ ಇಲ್ಲದವರೂ ಆಸ್ಪತ್ರೆ ಸೇರಿದರು. ನಮ್ಮಲ್ಲಿ ಮೀನು ಬೇಯಿಸಿಯೇ ತಿನ್ನುತ್ತೇವೆ, ಅಲ್ವಾ? ಆ ಚಿಂತೆ ಬಿಡಿ.

ಅದರ ಬದಲು ತಂದೆಯವರ ಪಾದ ನೋಡಿ. ಬೆರಳ ಸಂದಿ ಬಿಡಿಸಿ, ಬೆಳಕಿನಲ್ಲಿ ನೋಡಿ. ಬೆಳ್ಳಗೆ ಮೆತ್ತಗಾಗಿ ಸುಲಿದ ಚರ್ಮ, ಹಿಮ್ಮಡಿಯ ಬಿರುಕು, ಚಪ್ಪಲಿ ಉಜ್ಜಿದ ಗಾಯ, ಹೀಗೆ ಏನಾದರೂ ಒಂದು ದಾರಿ ಸಿಗುವ ಸಾಧ್ಯತೆ ಇದೆ. ಶುಗರ್‌ನಿಂದ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಅವರಿಗೆ ನೋವೇ ಗೊತ್ತಾಗಿರುವುದಿಲ್ಲ. ಬೆರಳ ಸಂದಿ ಹಾಗೆ ಸುಲಿದಿದ್ದರೆ ಅದು ಹೆಚ್ಚಾಗಿ ಫಂಗಸ್, ಅದಕ್ಕೆ ಔಷಧಿ ಕೇಳಿ. ಅದನ್ನು ಹಾಗೇ ಬಿಟ್ಟರೆ ಸೆಲ್ಯುಲೈಟಿಸ್ ಮತ್ತೆ ಬರಬಹುದು.

ಸಮಾಧಾನದ ವಿಷಯವೂ ಇದೆ. ಪೆನಿಸಿಲಿನ್ ಇವತ್ತಿಗೂ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ಬದಲಿಗೆ ಬಳಸುವ ಎರಿತ್ರೋಮೈಸಿನ್, ಕ್ಲಿಂಡಾಮೈಸಿನ್‌ ಔಷಧಿಗಳಿಗೆ ಮಾತ್ರ ಈ ಬ್ಯಾಕ್ಟೀರಿಯಾ ಹಲವು ಕಡೆ ಬಗ್ಗುತ್ತಿಲ್ಲ. ಹಾಗಾಗಿ ಪೆನಿಸಿಲಿನ್ ಅಲರ್ಜಿ ಇದ್ದರೆ ಡಾಕ್ಟರ್‌ಗೆ ಮೊದಲೇ ತಿಳಿಸಿ. ಜ್ವರ ಬಿಟ್ಟಿತು ಅಂತ ಇಂಜೆಕ್ಷನ್ ಅರ್ಧಕ್ಕೆ ನಿಲ್ಲಿಸಿ ಮನೆಗೆ ಕರೆದುಕೊಂಡು ಬರಬೇಡಿ. ರಕ್ತಕ್ಕೆ ಸೇರಿದ ಈ ಬ್ಯಾಕ್ಟೀರಿಯಾ ಬೆನ್ನುಮೂಳೆ, ಕೀಲು, ಹೃದಯದ ಕವಾಟಗಳಲ್ಲಿ ಹೋಗಿ ಕೂರಬಹುದು. ಹೊಸದಾಗಿ ಬೆನ್ನುನೋವು, ಮಂಡಿ ಊತ, ಏದುಸಿರು, ಮತ್ತೆ ಜ್ವರ ಕಂಡರೆ ವಯಸ್ಸಿನ ನೋವು ಅಂತ ಮುಲಾಮು ಹಚ್ಚುತ್ತಾ ಕೂರದೆ ಅವತ್ತೇ ಡಾಕ್ಟರ್‌ಗೆ ಹೇಳಿ.

ನಿಮ್ಮ ಹೆಂಡತಿ ಏಳು ತಿಂಗಳ ಗರ್ಭಿಣಿ, ಮಾವನ ಹತ್ತಿರ ಹೋಗಬಾರದಾ ಅಂದಿರಿ. ಹೋಗಬಹುದು. ಗಾಯ ಮುಚ್ಚಿರಲಿ, ಡ್ರೆಸಿಂಗ್ ಮುಟ್ಟಿದವರು ಸೋಪು ಹಾಕಿ ಕೈ ತೊಳೆಯಲಿ. ಮನೆಯವರೆಲ್ಲ ಮಾತ್ರೆ ನುಂಗಬೇಕಿಲ್ಲ. ಮಗುವಿನ ವಿಷಯದಲ್ಲಿ ಮುಖ್ಯವಾದದ್ದು ತಾಯಿಯ ಮೈಯಲ್ಲಿ ಈ ಬ್ಯಾಕ್ಟೀರಿಯಾ ಇದೆಯಾ ಅನ್ನುವುದು. ಅದಕ್ಕೆ ಗರ್ಭದ ಕೊನೆಯ ವಾರಗಳಲ್ಲಿ ಸ್ವಾಬ್ ಪರೀಕ್ಷೆ (ಹತ್ತಿಯ ಕಡ್ಡಿಯಿಂದ ಒರೆಸಿ ಸ್ಯಾಂಪಲ್ ತೆಗೆಯುವುದು) ಇದೆ, ಇದ್ದರೆ ಹೆರಿಗೆ ನೋವು ಶುರುವಾದಾಗ ಇಂಜೆಕ್ಷನ್ ಕೊಡುತ್ತಾರೆ. ಎಲ್ಲ ಆಸ್ಪತ್ರೆಗಳಲ್ಲೂ ತಾವಾಗಿ ಮಾಡುವುದಿಲ್ಲ, ನೀವೇ ಕೇಳಿ.