ಅಂಗಡಿ ತೆರೆಯುವ ಮೊದಲು ಲೆಕ್ಕದ ಪುಸ್ತಕ ತೆರೆಯಿರಿ

ಪ್ರಿಯ ಮೇಡಂ,

ನಿಮ್ಮ ಪತ್ರ ಸಿಕ್ಕಿತು. ಬೇರೆ ಓದುಗರಿಗೂ ವಿಷಯ ಗೊತ್ತಾಗಲಿ ಎಂದು ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ನೀವು ಪ್ರೌಢಶಾಲೆಯ ಶಿಕ್ಷಕಿ. ಮುಂದಿನ ವರ್ಷದಿಂದ ವ್ಯವಹಾರ ಮತ್ತು ಮಾರ್ಕೆಟಿಂಗ್ ವೃತ್ತಿ ಶಿಕ್ಷಣ ಶುರು ಮಾಡಬೇಕೆಂದು ನಿಮ್ಮ ಆಡಳಿತ ಮಂಡಳಿ ತೀರ್ಮಾನಿಸಿದೆ. ಜವಾಬ್ದಾರಿ ನಿಮ್ಮ ಹೆಗಲಿಗೆ ಬಿದ್ದಿದೆ. ಒಂದು ಕೋಣೆ ಕೊಟ್ಟು, ಅಲ್ಲೊಂದು ಅಂಗಡಿ ತೆರೆಯಿರಿ, ಬಂದ ಲಾಭ ಕಟ್ಟಡದ ನಿಧಿಗೆ ಹೋಗಲಿ ಎಂದಿದ್ದಾರೆ. ನಿಮ್ಮ ಚಿಂತೆಗಳು ಹೀಗಿವೆ. ಪಾಠ ಮೊದಲೋ ಅಂಗಡಿ ಮೊದಲೋ? ಇಷ್ಟು ಚಿಕ್ಕ ಮಕ್ಕಳಿಗೆ ಇದೆಲ್ಲ ಬೇಗ ಆಯಿತೇ? ಅಂಕ ಕಡಿಮೆ ಬಂದವರನ್ನೇ ತಂದು ಇಲ್ಲಿ ಕೂರಿಸಿದರೆ ಏನು ಮಾಡುವುದು? ಮೌಲ್ಯಮಾಪನ ಹೇಗೆ? ಇದೆಲ್ಲದರ ಜೊತೆಗೆ ಒಂದು ಸಾಲು ಬರೆದಿದ್ದೀರಿ: "ಮಕ್ಕಳಿಗೆ ಮಾರುವುದನ್ನು ಕಲಿಸುವುದೂ ಶಿಕ್ಷಣವೇ?"

ಆ ಸಾಲಿನಿಂದಲೇ ಶುರು ಮಾಡುತ್ತೇನೆ. ಬರೀ ಮಾರುವುದನ್ನು ಕಲಿಸಿ ಕೈತೊಳೆದುಕೊಂಡರೆ ಅದು ಶಿಕ್ಷಣ ಆಗುವುದಿಲ್ಲ. ಒಂದು ವಸ್ತು ಮಾರಾಟವಾಗುವ ಮೊದಲೂ ಆಮೇಲೂ ಎಷ್ಟೋ ನಿರ್ಧಾರ ಮಾಡಬೇಕಾಗುತ್ತದೆ. ಏನು ತರಿಸಬೇಕು, ಎಷ್ಟು ತರಿಸಬೇಕು, ಯಾರಿಗಾಗಿ, ಯಾವ ಬೆಲೆಗೆ, ಉಳಿದುಹೋದರೆ ಏನು ಗತಿ? ಇಂಥ ನಿರ್ಧಾರವನ್ನು ಮಗು ತಾನೇ ಮಾಡಬೇಕು. ಯಾಕೆ ಮಾಡಿದೆ ಎಂದು ಹೇಳಲು ಬರಬೇಕು. ತಿಂಗಳ ಕೊನೆಗೆ ಲೆಕ್ಕ ನೋಡಿ ತಿದ್ದಿಕೊಳ್ಳಬೇಕು. ಈ ಮೂರೂ ನಡೆಯುವ ತರಗತಿ ಯಾವ ಗಣಿತದ ತರಗತಿಗೂ ಕಡಿಮೆಯಲ್ಲ ಅನ್ನುವುದು ನನ್ನ ನಂಬಿಕೆ. ನಿಮ್ಮ ಉಳಿದ ಪ್ರಶ್ನೆಗಳಿಗೂ ನಾನು ಉತ್ತರ ಹುಡುಕುವುದು ಇಲ್ಲಿಂದಲೇ.

ಪಾಠವೋ ಅಂಗಡಿಯೋ ಎಂದು ಕೇಳಿದ್ದೀರಿ. ಎರಡಕ್ಕೂ ಮೊದಲು ಇನ್ನೊಂದು ಕೆಲಸವಿದೆ. ಈ ಮಕ್ಕಳು ಶಾಲೆ ಬಿಟ್ಟ ಮೇಲೆ ಯಾವ ಕೆಲಸಗಳು, ಯಾವ ಕೋರ್ಸುಗಳು ಅವರ ಮುಂದೆ ಇರುತ್ತವೆ ಎಂದು ವಿಚಾರಿಸಿಕೊಳ್ಳಿ. ಅಮೆರಿಕದಲ್ಲಿ ಶಾಲೆಗಳ ವೃತ್ತಿ ಶಿಕ್ಷಣಕ್ಕೆ ಕೇಂದ್ರ ಸರ್ಕಾರದ ಹಣ ಬರುವುದು 1917ರ ಸ್ಮಿತ್-ಹ್ಯೂಸ್ ಕಾಯ್ದೆಯಿಂದ ಶುರುವಾಯಿತು. ಆಗ ಅದು ಕೃಷಿ, ಕೈಗಾರಿಕೆ, ಗೃಹವಿಜ್ಞಾನಕ್ಕೆ ಮಾತ್ರ. ಮಾರಾಟ ಮತ್ತು ವಿತರಣೆಯ ಕೆಲಸ ಕಲಿಸಲು ಹಣ ಬಂದದ್ದು 1936ರ ಜಾರ್ಜ್-ಡೀನ್ ಕಾಯ್ದೆಯ ನಂತರ. ಈಗ ಅಲ್ಲಿ ಜಾರಿಯಲ್ಲಿರುವುದು 2018ರ ಕಾಯ್ದೆ. ಅದರ ಪ್ರಕಾರ ಹಣ ಪಡೆಯುವವರು ಎರಡು ವರ್ಷಕ್ಕೊಮ್ಮೆ ತಮ್ಮ ಸುತ್ತಲಿನ ಅಗತ್ಯ ಏನು ಎಂದು ಹೊಸದಾಗಿ ಅಳೆದು ನೋಡಲೇಬೇಕು. ಈ ಒಂದು ನಿಯಮ ನನಗೆ ಬಹಳ ಹಿಡಿಸಿದೆ. ಒಮ್ಮೆ ಬರೆದ ಪಠ್ಯಕ್ರಮ ಹತ್ತು ವರ್ಷ ಹಾಗೇ ಕೂತರೆ, ಮಕ್ಕಳು ಕಲಿತು ಹೊರಬರುವಷ್ಟರಲ್ಲಿ ಆ ಕೆಲಸವೇ ಇರುವುದಿಲ್ಲ.

ಇದಕ್ಕಾಗಿ ಒಂದು ಸಲಹಾ ಸಮಿತಿ ಮಾಡಿಕೊಳ್ಳಿ. ವರ್ಷಕ್ಕೊಮ್ಮೆ ಹಾರ ಹಾಕಿಸಿಕೊಂಡು ಹೋಗುವ ಸಮಿತಿ ಸುಮ್ನೆ ದಂಡ. ಕೆಲಸ ಕೊಡುವ ಮಾಲೀಕರು ಅದರಲ್ಲಿರಲಿ. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬಿಬ್ಬರು ಯುವಕ ಯುವತಿಯರೂ ಇರಲೇಬೇಕು. ಮೊದಲ ಆರು ತಿಂಗಳಲ್ಲಿ ಏನು ಬರದೆ ಒದ್ದಾಡಿದೆವು ಎಂದು ಹೇಳಬಲ್ಲವರು ಅವರೇ. ಪಠ್ಯಕ್ರಮವನ್ನು ಓದಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಡಿ ಎಂದು ಕೇಳಿ. ತಮ್ಮ ಕೆಲಸದಲ್ಲಿ ನಿಜವಾಗಿ ಎದುರಾದ ಒಂದು ಸಮಸ್ಯೆಯನ್ನು ತರಗತಿಗೆ ತನ್ನಿ ಎಂದೂ ಕೇಳಿ.

ವಯಸ್ಸಿನ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ. ಮೊದಲ ವರ್ಷ ಸುತ್ತ ನೋಡುವುದಕ್ಕೆ ಸಾಕು. ಲೆಕ್ಕಪತ್ರ, ಮಾರಾಟ, ಸಾಗಣೆ, ಬ್ಯಾಂಕಿಂಗ್, ಗ್ರಾಹಕ ಸೇವೆ ಎಲ್ಲದರ ಪರಿಚಯ ಆಗಲಿ. ಒಂದನ್ನು ಹಿಡಿದು ಆಳಕ್ಕೆ ಇಳಿಯುವುದು ಆಮೇಲೆ. ಹದಿನಾಲ್ಕು ವಯಸ್ಸಿಗೆ ಇದೇ ನನ್ನ ಉದ್ಯೋಗ ಎಂದು ಯಾವ ಮಗುವಿನ ಕೈಯಿಂದಲೂ ಬರೆಸಿಕೊಳ್ಳಬೇಡಿ.

ಈಗ ಅಂಗಡಿ. ನಿಮ್ಮ ಮಂಡಳಿಯ ಯೋಚನೆ ಕೆಟ್ಟದ್ದೇನಲ್ಲ. ಆದರೆ ಮೊದಲ ದಿನವೇ ಬಾಗಿಲು ತೆರೆಯಬೇಡಿ. ಮೊದಲು ಲೆಕ್ಕದ ಪುಸ್ತಕ ತೆರೆಯಿರಿ. ಜಮಾ-ಖರ್ಚು ಎರಡೂ ಕಡೆ ಬರೆಯುವ ಪದ್ಧತಿಯನ್ನು ಲೂಕಾ ಪಾಚೋಲಿ ಎಂಬ ಗಣಿತಜ್ಞ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ. ಅವನಿಗೂ ಮೊದಲೇ ಅಲ್ಲಿನ ವರ್ತಕರು ಅದನ್ನು ಬಳಸುತ್ತಿದ್ದರು. ಈಗ ಆ ಕೆಲಸವನ್ನು ಸಾಫ್ಟ್‌ವೇರ್ ಮಾಡುತ್ತದೆ, ನಿಜ. ಆದರೂ ಮಕ್ಕಳು ಒಂದಷ್ಟು ವಾರ ಕೈಯಲ್ಲೇ ಬರೆಯಲಿ. ಪರದೆಯ ಮೇಲೆ ಬಂದ ಮೊತ್ತ ಎಲ್ಲಿಂದ ಬಂತು ಎಂದು ಆಗ ಗೊತ್ತಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. 80ಕ್ಕೆ ಕೊಂಡ ನೋಟ್‌ಬುಕ್ಕನ್ನು 100ಕ್ಕೆ ಮಾರಿದರೆ ಎಷ್ಟು ಲಾಭ ಎಂದು ತರಗತಿಯಲ್ಲಿ ಕೇಳಿ. ಕೆಲವರು ಶೇ. 20 ಅನ್ನುತ್ತಾರೆ, ಕೆಲವರು ಶೇ. 25. ಎರಡೂ ಸರಿ. ಮಾರಿದ ಬೆಲೆಯ ಮೇಲೆ ಲೆಕ್ಕ ಹಾಕಿದರೆ 20, ಕೊಂಡ ಬೆಲೆಯ ಮೇಲೆ ಹಾಕಿದರೆ 25. ವ್ಯಾಪಾರದಲ್ಲಿ ಮೊದಲನೆಯದನ್ನು ಮಾರ್ಜಿನ್ ಎಂದೂ ಎರಡನೆಯದನ್ನು ಮಾರ್ಕಪ್ ಎಂದೂ ಕರೆಯುತ್ತಾರೆ. ಶೇ. 25 ಸಿಗುತ್ತಿದೆ ಎಂಬ ಧೈರ್ಯದಲ್ಲಿ ಮಾರುವ ಬೆಲೆಯ ಮೇಲೆ ಶೇ. 25 ರಿಯಾಯಿತಿ ಕೊಟ್ಟರೆ ಏನಾಗುತ್ತದೆ? 75ಕ್ಕೆ ಮಾರಿದಂತೆ. ಅಸಲಿನಲ್ಲೇ 5 ಹೋಯಿತು. ಇದನ್ನು ಮಕ್ಕಳೇ ಬೋರ್ಡಿನ ಮೇಲೆ ಹಾಕಿ ಕಂಡುಕೊಳ್ಳಲಿ.

ಮುಂದಿನ ಹೆಜ್ಜೆ ಹೀಗಿರಲಿ. ಅಂಗಡಿಗೆ ತಿಂಗಳಿಗೆ 600 ಖಾಯಂ ಖರ್ಚು ಇದೆ ಎಂದಿಟ್ಟುಕೊಳ್ಳಿ. ಒಂದು ನೋಟ್‌ಬುಕ್ಕಿಗೆ 20 ಉಳಿಯುತ್ತದೆ. 30 ನೋಟ್‌ಬುಕ್ ಮಾರಿದ ಮೇಲೆ ಖರ್ಚು ಸರಿಹೋಗುತ್ತದೆ, 31ನೆಯದರಿಂದ ಲಾಭ. ಬೆಲೆಯನ್ನು 95ಕ್ಕೆ ಇಳಿಸಿದರೆ 40 ಮಾರಬೇಕು. ಬೆಲೆ ಕಡಿಮೆಯಾದ್ದಕ್ಕೆ ಹೆಚ್ಚಿನ ಹತ್ತು ಗಿರಾಕಿಗಳು ಬರುತ್ತಾರಾ? ಇಲ್ಲಿಗೆ ಬಂದಾಗ ತರಗತಿಯಲ್ಲಿ ಜಗಳ ಶುರುವಾಗಬೇಕು. ಆ ಜಗಳವೇ ಪಾಠ. ನೀವು ಉತ್ತರ ಹೇಳಬೇಡಿ.

ಲಾಭ ಬೇರೆ, ಗಲ್ಲಾಪೆಟ್ಟಿಗೆಯಲ್ಲಿರುವ ಹಣ ಬೇರೆ ಎಂಬುದನ್ನು ತುಂಬ ನಿಧಾನವಾಗಿ ಕಲಿಸಿ. ದೊಡ್ಡವರೂ ಮುಗ್ಗರಿಸುವ ಜಾಗ ಇದು. ಉದ್ರಿ ಕೊಟ್ಟಿದ್ದಾರೆ, ಸ್ಟಾಕ್ ಕಪಾಟಿನಲ್ಲಿ ಕೂತಿದೆ, ಪುಸ್ತಕದಲ್ಲಿ ಲಾಭ ಕಾಣುತ್ತಿದೆ, ಆದರೆ ಸರಕು ಕೊಟ್ಟವರಿಗೆ ಕೊಡಲು ಕೈಯಲ್ಲಿ ಕಾಸಿಲ್ಲ. ಮಾರಾಟ ಚೆನ್ನಾಗಿದ್ದ ವ್ಯಾಪಾರಗಳೂ ಹೀಗೆ ಮುಚ್ಚಿಹೋಗುತ್ತವೆ.

ಅಂಗಡಿಯ ಒಳಗಿನ ಶಿಸ್ತಿನ ಬಗ್ಗೆಯೂ ಹೇಳಬೇಕು. ಹಣ ಎಣಿಸುವವರು ಒಬ್ಬರು, ಪುಸ್ತಕದಲ್ಲಿ ಬರೆಯುವವರು ಇನ್ನೊಬ್ಬರು ಆಗಿರಲಿ. ಇದರಲ್ಲಿ ಅನುಮಾನದ ಮಾತಿಲ್ಲ. ಹಣ ಕಡಿಮೆ ಬಂದ ದಿನ ಯಾವ ಮಗುವಿನ ಮೇಲೂ ಬೆರಳು ತೋರಿಸುವ ಹಾಗೆ ಆಗಬಾರದು, ಅದಕ್ಕೇ ಈ ಏರ್ಪಾಡು. ಕೆಲಸಗಳನ್ನು ಸರದಿ ಪ್ರಕಾರ ಬದಲಿಸಿ. ಇಲ್ಲದಿದ್ದರೆ ಮಾತಿನ ಮಲ್ಲರು ಕೌಂಟರಿನಲ್ಲೇ ಇರುತ್ತಾರೆ, ನಾಚಿಕೆಯವರು ಕೊನೆಯವರೆಗೂ ಪೆಟ್ಟಿಗೆ ಜೋಡಿಸುತ್ತಾರೆ. ಹುಡುಗಿಯರಿಗೆ ಪೋಸ್ಟರಿಗೆ ಬಣ್ಣ ಹಚ್ಚುವ ಕೆಲಸ, ಹುಡುಗರಿಗೆ ಹಣದ ಕೆಲಸ ಎಂದು ತಾನಾಗಿಯೇ ಹಂಚಿಹೋಗುವುದೂ ಉಂಟು. ಅದನ್ನು ಮೊದಲ ವಾರದಲ್ಲೇ ತಡೆಯಿರಿ. ಇನ್ನೊಂದು ಮಾತು: ಮನೆಯಿಂದ ಬಂಡವಾಳ ತನ್ನಿ ಎಂದು ಯಾವ ಮಗುವಿಗೂ ಹೇಳಬೇಡಿ. ತರಲಾಗದ ಮಗು ಅಂದೇ ಹಿಂದೆ ಬೀಳುತ್ತದೆ.

ನಿಮ್ಮ ಶಾಲೆಯಲ್ಲಿ ನಿಜವಾದ ಅಂಗಡಿ ನಡೆಸಲು ಆಗದೇ ಹೋಗಬಹುದು. ಅದಕ್ಕೂ ದಾರಿಯಿದೆ. ಆಸ್ಟ್ರಿಯಾದ ವಾಣಿಜ್ಯ ಶಾಲೆಗಳಲ್ಲಿ ಅಭ್ಯಾಸ ಕಂಪನಿ ಎಂಬ ಪದ್ಧತಿ ಇದೆ. ಸರಕು ಮತ್ತು ಹಣ ಮಾತ್ರ ಕಾಲ್ಪನಿಕ. ಆರ್ಡರ್, ಬಿಲ್, ಪತ್ರ, ಸಂಬಳದ ಲೆಕ್ಕ ಎಲ್ಲವೂ ನಿಜದಂತೆ. ಒಂದು ಶಾಲೆಯ ಕಂಪನಿ ಬೇರೆ ಶಾಲೆಯ ಕಂಪನಿಯೊಂದಿಗೆ ವ್ಯವಹಾರ ಮಾಡುತ್ತದೆ. ಇನ್ನೊಂದು ಮಾದರಿ ಜೂನಿಯರ್ ಅಚೀವ್‌ಮೆಂಟ್ ಎಂಬ ಸಂಸ್ಥೆಯದು. 1919ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಶುರುವಾದದ್ದು. ಮಕ್ಕಳು ಸೇರಿ ಪುಟ್ಟ ಕಂಪನಿ ಕಟ್ಟಿ, ಷೇರು ಮಾರಿ, ಕೆಲವು ತಿಂಗಳು ನಡೆಸಿ, ಕೊನೆಗೆ ಮುಚ್ಚುತ್ತಾರೆ. ಆ ಮುಚ್ಚುವ ಭಾಗ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಸಾಲ ತೀರಿಸಿ, ಉಳಿದದ್ದನ್ನು ಷೇರುದಾರರಿಗೆ ಹಂಚಿ, ಲೆಕ್ಕ ಒಪ್ಪಿಸಿ, ಮರ್ಯಾದೆಯಿಂದ ಬಾಗಿಲು ಹಾಕುವುದೂ ಒಂದು ವಿದ್ಯೆ.

ಇನ್ನು ಮಾರ್ಕೆಟಿಂಗ್. ಅಂದರೆ ಪೋಸ್ಟರ್ ಮತ್ತು ರೀಲ್ಸ್ ಎಂದು ಮಕ್ಕಳು ಅಂದುಕೊಂಡು ಬರುತ್ತಾರೆ. ಅಮೆರಿಕದ ಮಾರ್ಕೆಟಿಂಗ್ ಪ್ರಾಧ್ಯಾಪಕ ಜೆರೋಮ್ ಮೆಕಾರ್ಥಿ 1960ರಲ್ಲಿ ಮಾರ್ಕೆಟಿಂಗನ್ನು ವಸ್ತು, ಬೆಲೆ, ತಲುಪಿಸುವ ಜಾಗ, ಪ್ರಚಾರ ಎಂದು ನಾಲ್ಕು ಭಾಗ ಮಾಡಿ ತೋರಿಸಿದರು. ಪ್ರಚಾರ ಅದರಲ್ಲಿ ಒಂದು ಮಾತ್ರ. ಆದ್ದರಿಂದ ಮೊದಲು ಕೇಳಿಸಿಕೊಳ್ಳುವುದನ್ನು ಕಲಿಸಿ. "ನಮ್ಮ ಪೆನ್ನು ನಿಮಗೆ ಇಷ್ಟ ಆಯ್ತು, ಅಲ್ವಾ?" ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಅದು ಸಮೀಕ್ಷೆಯಲ್ಲ, ದಾಕ್ಷಿಣ್ಯ. "ಕಳೆದ ಸಲ ಪೆನ್ನು ಕೊಂಡದ್ದು ಯಾವಾಗ? ಅದನ್ನೇ ಯಾಕೆ ಆರಿಸಿದಿರಿ?" ಎಂದು ಕೇಳಲಿ. ಗೆಳೆಯರ "ತಗೋತೀವಿ" ಎಂಬ ಮಾತು ನಂಬಿ ಸ್ಟಾಕ್ ತರಿಸುವ ಬದಲು, ಮುಂಗಡ ಆರ್ಡರ್ ತೆಗೆದುಕೊಂಡು ನೋಡಲಿ. ಹೇಳಿದವರು ಎಷ್ಟು ಮಂದಿ, ಹೆಸರು ಬರೆಸಿದವರು ಎಷ್ಟು ಮಂದಿ? ಆ ಅಂತರ ನೋಡಿದ ಮಗು ಆಮೇಲೆ ಯಾವ ಸಮೀಕ್ಷೆಯನ್ನೂ ಕಣ್ಣು ಮುಚ್ಚಿ ನಂಬುವುದಿಲ್ಲ.

ಇಲ್ಲೇ ನೀತಿಯ ಪಾಠವೂ ಬರಬೇಕು. ಅದನ್ನು ಕೊನೆಯ ಅಧ್ಯಾಯಕ್ಕೆ ಬಿಡಬೇಡಿ. ಬೆಲೆ ಏರಿಸಿ ಆಮೇಲೆ ರಿಯಾಯಿತಿ ಎಂದು ತೋರಿಸುವುದು, ತಾವೇ ಕೂತು ಸುಳ್ಳು ಮೆಚ್ಚುಗೆ ಬರೆಯುವುದು, ಗಿರಾಕಿಯ ಫೋನ್ ನಂಬರನ್ನು ಕೇಳದೆ ಬೇರೆಯವರಿಗೆ ಕೊಡುವುದು, ಸಹಪಾಠಿಯ ಫೋಟೋವನ್ನು ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸುವುದು. ಇವೆಲ್ಲ ಮಕ್ಕಳು ದಿನಾ ಫೋನಿನಲ್ಲಿ ನೋಡುತ್ತಿರುವುದೇ. ಮಾಡಬಾರದು ಎಂದಷ್ಟೇ ಹೇಳಬೇಡಿ. ಹಾಗೆ ಮೋಸ ಹೋದ ಗಿರಾಕಿ ಎರಡನೇ ಸಲ ಬರುತ್ತಾನಾ ಎಂದು ಅವರ ಅಂಗಡಿಯ ಪುಸ್ತಕ ಇಟ್ಟುಕೊಂಡೇ ಚರ್ಚೆ ಮಾಡಿ.

ಅಂಕ ಕಡಿಮೆಯಿರುವ ಮಕ್ಕಳನ್ನು ಇಲ್ಲಿಗೆ ತಳ್ಳುವ ವಿಷಯ ನನಗೂ ನೋವಿನದ್ದು. ವೃತ್ತಿ ಶಿಕ್ಷಣಕ್ಕೆ ಅಂಟಿರುವ ಈ ಹಣೆಪಟ್ಟಿ ಬಹಳ ಹಳೆಯದು. ಅದನ್ನು ಭಾಷಣದಿಂದ ಕೀಳಲು ಆಗುವುದಿಲ್ಲ, ವ್ಯವಸ್ಥೆಯಿಂದ ಕೀಳಬೇಕು. ಈ ಕೋರ್ಸ್ ತೆಗೆದುಕೊಂಡ ಮಗುವಿಗೆ ಗಣಿತ, ವಿಜ್ಞಾನ, ಭಾಷೆಯ ಪಾಠ ಒಂದೂ ತಪ್ಪಬಾರದು. ಮುಂದೆ ಕಾಲೇಜಿಗೆ ಹೋಗುವ ಬಾಗಿಲು ಮುಚ್ಚಬಾರದು. ವೇಳಾಪಟ್ಟಿ ಹಾಕುವಾಗಲೇ ಇದು ತೀರ್ಮಾನ ಆಗಿಬಿಡುತ್ತದೆ. ಆದ್ದರಿಂದ ವೇಳಾಪಟ್ಟಿ ಸಭೆಗೆ ನೀವು ಹೋಗಲೇಬೇಕು. ಮಂಡಳಿ ಒಪ್ಪದಿದ್ದರೆ ಅಲ್ಲಿ ಹಟ ಹಿಡಿಯಿರಿ.

ಮೌಲ್ಯಮಾಪನಕ್ಕೆ ಬರುತ್ತೇನೆ. ಯಾರು ಹೆಚ್ಚು ಮಾರಿದರು ಎಂಬುದಕ್ಕೆ ದಯವಿಟ್ಟು ಅಂಕ ಕೊಡಬೇಡಿ. ಕೊಟ್ಟರೆ ನೆಂಟರಿಷ್ಟರು ಜಾಸ್ತಿ ಇರುವ ಮಗು ಗೆಲ್ಲುತ್ತದೆ. ಪ್ರತಿ ಮಗುವೂ ಒಂದು ನಿರ್ಧಾರದ ಪುಸ್ತಕ ಇಡಲಿ. ಏನು ತೀರ್ಮಾನಿಸಿದೆ, ಯಾವ ಮಾಹಿತಿ ನೋಡಿ, ಏನಾಗುತ್ತದೆ ಎಂದುಕೊಂಡಿದ್ದೆ, ಏನಾಯಿತು. ಮೊದಲ ಮೂರನ್ನು ಫಲ ಗೊತ್ತಾಗುವ ಮೊದಲೇ ಬರೆದು ತಾರೀಕು ಹಾಕಬೇಕು. ನಷ್ಟವಾದರೂ ಕಾರಣ ಸರಿಯಾಗಿ ಬರೆದ ಮಗುವಿಗೆ ಪೂರ್ತಿ ಅಂಕ ಸಿಗಲಿ. ಇದರ ಜೊತೆಗೆ ಮೌಖಿಕ ಪರೀಕ್ಷೆ ಇಡಿ. 1946ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಡೆಕಾ ಎಂಬ ವಿದ್ಯಾರ್ಥಿ ಸಂಘಟನೆಯ ಸ್ಪರ್ಧೆಗಳಲ್ಲಿ ಒಂದು ಒಳ್ಳೆಯ ಕ್ರಮವಿದೆ. ವಿದ್ಯಾರ್ಥಿಗೆ ಒಂದು ಸನ್ನಿವೇಶ ಬರೆದ ಹಾಳೆ ಕೊಡುತ್ತಾರೆ. ಸ್ವಲ್ಪ ಹೊತ್ತು ಯೋಚಿಸಿದ ಮೇಲೆ ಅವರು ತೀರ್ಪುಗಾರರ ಮುಂದೆ ಕೂರಬೇಕು. ತೀರ್ಪುಗಾರರೇ ಮಾಲೀಕರಾಗಿಯೋ ಗಿರಾಕಿಯಾಗಿಯೋ ಪಾತ್ರ ಮಾಡಿ ಪ್ರಶ್ನೆ ಹಾಕುತ್ತಾರೆ. ನಿಮ್ಮ ಸಲಹಾ ಸಮಿತಿಯವರನ್ನು ಈ ಕೆಲಸಕ್ಕೆ ಕರೆಯಿರಿ. ಬಾಯಿಪಾಠ ಇಲ್ಲಿ ನಡೆಯುವುದಿಲ್ಲ.

ಹೊರಗೆ ಕೆಲಸ ಕಲಿಯಲು ಕಳಿಸುವುದಿದ್ದರೆ ಬರಹದಲ್ಲಿ ಯೋಜನೆ ಇರಲಿ. ಯಾವ ವಾರ ಏನು ಕಲಿಯುತ್ತಾರೆ, ಯಾರು ಕಲಿಸುತ್ತಾರೆ, ಎಷ್ಟು ಗಂಟೆ. ಇಡೀ ಅವಧಿ ಪೆಟ್ಟಿಗೆ ಹೊತ್ತ ಮಗು ಏನನ್ನೂ ಕಲಿತಿಲ್ಲ, ಬಿಟ್ಟಿ ದುಡಿದಿದೆ ಅಷ್ಟೇ. ನೀವೇ ಹೋಗಿ ನೋಡಿ ಬರಬೇಕು. ಅದಕ್ಕೆ ವಾರದಲ್ಲಿ ಕೆಲವು ಪೀರಿಯಡ್ ಬಿಡುವು ಬೇಕೆಂದು ಈಗಲೇ ಕೇಳಿ ಪಡೆದುಕೊಳ್ಳಿ. ವರ್ಷ ಶುರುವಾದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಕೊನೆಗೆ ಕಟ್ಟಡ ನಿಧಿಯ ವಿಷಯ. ಇದನ್ನು ಒಪ್ಪಿಕೊಳ್ಳಬೇಡಿ ಎಂದು ನೇರವಾಗಿ ಹೇಳುತ್ತೇನೆ. ಲಾಭ ತರುವುದು ಅಂಗಡಿಯ ಗುರಿ ಆದ ದಿನ, ಮಗು ತಪ್ಪು ಮಾಡಿ ಕಲಿಯುವ ಜಾಗ ಇಲ್ಲವಾಗುತ್ತದೆ. ನಷ್ಟ ಆಗಬಾರದೆಂದು ದೊಡ್ಡವರೇ ಎಲ್ಲ ತೀರ್ಮಾನಿಸಿ, ಮಕ್ಕಳು ಬರೀ ಕೌಂಟರಿನಲ್ಲಿ ನಿಲ್ಲುವಂತಾಗುತ್ತದೆ. ಬಾಗಿಲು ತೆರೆಯುವ ಮೊದಲೇ ಮಂಡಳಿಗೆ ಒಂದು ಪುಟದ ಟಿಪ್ಪಣಿ ಕೊಡಿ. ಮೊದಲ ವರ್ಷ ಒಂದೇ ವಿಭಾಗದ ಮಕ್ಕಳು, ಕೆಲವೇ ಬಗೆಯ ಸರಕು. ಶಾಲೆ ಕೊಡುವ ಬಂಡವಾಳ ಪೂರ್ತಿ ಹೋದರೂ ಶಾಲೆಗೆ ಭಾರವಾಗದಷ್ಟು ಚಿಕ್ಕದಿರಲಿ. ಬಂದ ಲಾಭದಲ್ಲಿ ಒಂದು ಪಾಲು ಮುಂದಿನ ತಂಡದ ಬಂಡವಾಳಕ್ಕೆ, ಉಳಿದದ್ದು ಮಕ್ಕಳೇ ಸಭೆ ಸೇರಿ ತೀರ್ಮಾನಿಸಿದ ಕೆಲಸಕ್ಕೆ. ಲೆಕ್ಕದ ಪುಸ್ತಕ ಪ್ರತಿ ತಿಂಗಳು ನೋಟಿಸ್ ಬೋರ್ಡಿನ ಮೇಲೆ, ಎಲ್ಲರೂ ನೋಡುವ ಹಾಗೆ. ಟಿಪ್ಪಣಿಗೆ ಅಧ್ಯಕ್ಷರ ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

— ಸಂಪಾದಕ